ಮುಳ್ಳು ಮೈನಸ್ 30ಕ್ಕೆ ಬಂದರೆ ವ್ಯಾಕ್ಯೂಮ್ ಆಯಿತೆಂದು ನಂಬಬೇಡಿ, ನಂಬಿ ನಾನು ಮೋಸಹೋದೆ

ಏಸಿ ಅಳವಡಿಸುವ, ರಿಪೇರಿ ಮಾಡುವ ಕೆಲಸದಲ್ಲಿರುವವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ಗ್ಯಾಸ್ ತುಂಬುವ ಮೊದಲು ಪೈಪಿನೊಳಗಿನ ಗಾಳಿಯನ್ನೂ ತೇವವನ್ನೂ ಪಂಪಿನಿಂದ ಎಳೆದು ತೆಗೆಯುವುದಕ್ಕೇ ನಾವು ವ್ಯಾಕ್ಯೂಮ್ ಮಾಡುವುದು ಎನ್ನುತ್ತೇವೆ. ಡಬ್ಬದ ಮೇಲೆ ‘ಎರಡು ಸ್ಟೇಜ್’ (ಎರಡು ಹಂತದಲ್ಲಿ ಗಾಳಿ ಎಳೆಯುವ ಬಗೆ) ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದ ವ್ಯಾಕ್ಯೂಮ್ ಪಂಪೊಂದನ್ನು ಕೊಂಡು, ಏಳು ತಿಂಗಳು ಅದನ್ನೇ ನಂಬಿ ಕೆಲಸ ಮಾಡಿ, ಕೊನೆಗೆ ಅದರ ಹೊಟ್ಟೆಯೊಳಗೆ ಒಂದೇ ಸ್ಟೇಜ್ ಇರುವುದನ್ನು ಕಣ್ಣಾರೆ ಕಂಡವನು ನಾನು. ಹದಿನಾಲ್ಕು ವರ್ಷಗಳಿಂದ ಇದೇ ಕಸುಬು ಮಾಡಿಕೊಂಡು ಬಂದವನಿಗೆ ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ. ಆದರೆ ಅದೇ ಪಂಪು ಬೇರೆ ಬೇರೆ ಹೆಸರಿನ ಸ್ಟಿಕ್ಕರ್ ಹೊತ್ತು ಇನ್ನೂ ಮಾರಾಟವಾಗುತ್ತಿರುವುದನ್ನು ನೋಡಿಯೂ ಸುಮ್ಮನಿದ್ದರೆ ಅದು ಇನ್ನೂ ದೊಡ್ಡ ತಪ್ಪಾದೀತು.

ನನ್ನ ಹಳೆಯ ಪಂಪಿನ ಬೇರಿಂಗ್ ಹೋದಾಗ ಕೆಲಸಗಳು ಒಂದರ ಮೇಲೊಂದು ಬರುತ್ತಿದ್ದವು, ಹೊಸ ಪಂಪು ತುರ್ತಾಗಿ ಬೇಕಿತ್ತು. ಮಾರುವವರನ್ನು ನಾನು ಕೇಳಿದ್ದು ಎರಡೇ ಪ್ರಶ್ನೆ. ಇದು ನಿಜವಾಗಿಯೂ ಎರಡು ಸ್ಟೇಜಿನದೇ? ಕರೆಂಟ್ ಹೋದಾಗ ಎಣ್ಣೆ ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್ ಇದರಲ್ಲಿ ಇದೆಯೇ? “ಸರ್, ಎರಡೂ ಇವೆ, ಡಬ್ಬದ ಮೇಲೇ ಬರೆದಿದೆಯಲ್ಲ, ಕಣ್ಣು ಮುಚ್ಚಿಕೊಂಡು ತೆಗೆದುಕೊಂಡು ಹೋಗಿ” ಎಂದರು. ನಾನು ಹಾಗೆಯೇ ಮಾಡಿದೆ. ಸಿಎಫ್ಎಂ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಎಳೆಯುತ್ತದೆ, ಎಂಬುದನ್ನೇ ಅವರು ಮೂರು ಸಲ ಒತ್ತಿ ಹೇಳಿದರು. ಕಾಲಿಂಚಿನ ಹೋಸ್ ಮತ್ತು ಸರ್ವೀಸ್ ವಾಲ್ವಿನೊಳಗಿನ ಪಿನ್ ಇವೆರಡೇ ಗಾಳಿಯ ದಾರಿಯನ್ನು ಕಟ್ಟಿಹಾಕುವಾಗ, ಮನೆಯ ಸ್ಪ್ಲಿಟ್ ಏಸಿಯ ಕೆಲಸದಲ್ಲಿ ಆ ದೊಡ್ಡ ಸಂಖ್ಯೆಯಿಂದ ಆಗುವ ಉಪಕಾರ ಬಹಳ ಕಡಿಮೆ ಎಂಬುದು ನನಗೆ ಗೊತ್ತಿತ್ತು. ಪಂಪು ಎಷ್ಟು ವೇಗವಾಗಿ ಎಳೆಯುತ್ತದೆ ಎನ್ನುವುದಕ್ಕಿಂತ ಎಷ್ಟು ಆಳಕ್ಕೆ ಎಳೆಯುತ್ತದೆ ಎನ್ನುವುದು ಮುಖ್ಯ. ಇಷ್ಟೆಲ್ಲ ಗೊತ್ತಿದ್ದೂ ಆಳವನ್ನು ನಾನು ಅಳೆದು ನೋಡಲಿಲ್ಲ.

ಮೊದಲ ದಿನ ಮ್ಯಾನಿಫೋಲ್ಡ್ (ಗೇಜು, ವಾಲ್ವು, ಹೋಸುಗಳ ಸೆಟ್ಟು) ಜೋಡಿಸಿ ಪಂಪು ಹಾಕಿದಾಗ ಹತ್ತು ನಿಮಿಷದೊಳಗೆ ನೀಲಿ ಗೇಜಿನ ಮುಳ್ಳು ಮೈನಸ್ 30ಕ್ಕೆ (ಪಾದರಸದ ಇಂಚಿನ ಲೆಕ್ಕ) ಇಳಿದು ನಿಂತಿತು. ಸದ್ದು ಕಡಿಮೆ, ಹೊಗೆ ಇಲ್ಲ. ನಾನು ತೃಪ್ತನಾದೆ. ಪ್ರತಿ ಮನೆಯಲ್ಲೂ ಅರ್ಧ ಗಂಟೆ ಪಂಪು ಓಡಿಸಿ, ಮುಳ್ಳನ್ನು ಬೆರಳಿನಿಂದ ತೋರಿಸಿ, “ನೋಡಿ, ಪೂರ್ತಿ ವ್ಯಾಕ್ಯೂಮ್ ಆಗಿದೆ” ಎಂದು ಮನೆಯವರಿಗೆ ಹೇಳುತ್ತಿದ್ದೆ. ಆ ಮಾತು ಈಗ ಚುಚ್ಚುತ್ತದೆ.

ಮೋಸ ಬಯಲಾದದ್ದು ಒಂದು ಹೊಸ ಇನ್ಸ್ಟಾಲೇಶನ್ನಿನಲ್ಲಿ. ಪೈಪು ಎಳೆದು, ಫ್ಲೇರ್ ನಟ್ ಬಿಗಿದು, ನೈಟ್ರೋಜನ್ ತುಂಬಿ ಲೀಕ್ ಇಲ್ಲವೆಂದು ಖಚಿತಪಡಿಸಿಕೊಂಡು ಪಂಪು ಹಾಕಿದ್ದೆ. ಒಳಗಿನ ಯೂನಿಟ್ಟಿನ ಡ್ರೈನ್ ಪೈಪು ಸರಿಪಡಿಸುತ್ತಿದ್ದಾಗ ಕರೆಂಟ್ ಹೋಯಿತು. ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್ ಇದೆಯಲ್ಲ ಎಂಬ ಧೈರ್ಯದಿಂದ ನಾನು ಓಡಿಹೋಗಲಿಲ್ಲ. ಮೂರು ನಾಲ್ಕು ನಿಮಿಷ ಬಿಟ್ಟು ಹೊರಗೆ ಬಂದರೆ, ಎಣ್ಣೆ ನೋಡುವ ಗಾಜಿನ ಕಿಂಡಿಯಲ್ಲಿ ಎಣ್ಣೆಯೇ ಇಲ್ಲ! ಬೆಳಿಗ್ಗೆ ಗೆರೆಯ ತನಕ ಇದ್ದದ್ದು ಒಂದು ಹನಿಯೂ ಕಾಣುತ್ತಿಲ್ಲ, ಗೇಜಿನ ಮುಳ್ಳು ಮೈನಸ್ 30ರಿಂದ ಸೊನ್ನೆಯ ಕಡೆಗೆ ಸರಿಯುತ್ತಿದೆ. ಹಳದಿ ಹೋಸ್ ಬಿಚ್ಚಿದೆ, ಎಣ್ಣೆ ಸುರಿಯಿತು. ನೀಲಿ ಹೋಸ್ ಬಿಚ್ಚಿದೆ, ಅದರ ಬಾಯಿಯಲ್ಲೂ ಎಣ್ಣೆ. ಪಂಪು ನಿಂತ ಕೂಡಲೇ ಹೊರಗಿನ ಗಾಳಿಯ ಒತ್ತಡ ಪಂಪಿನ ಎಣ್ಣೆಯನ್ನು ಹೋಸಿನ ಮೂಲಕ ಹೊಸ ತಾಮ್ರದ ಪೈಪಿನೊಳಕ್ಕೆ ದಬ್ಬಿಬಿಟ್ಟಿತ್ತು. ತಡೆಯುವ ವಾಲ್ವ್ ಇದ್ದಿದ್ದರೆ ಇದು ಆಗುತ್ತಿರಲಿಲ್ಲ.

ಮನೆಯ ಯಜಮಾನರು ಪಕ್ಕದಲ್ಲೇ ನಿಂತು ನೋಡುತ್ತಿದ್ದರು. “ಹೊಸ ಪೈಪಿನಲ್ಲಿ ಎಣ್ಣೆ ಹೇಗೆ ಬಂತಪ್ಪಾ?” ಎಂದು ಸಹಜವಾಗಿಯೇ ಕೇಳಿದರು. ನನ್ನ ಬಾಯಿಂದ ಉತ್ತರ ಹೊರಡಲಿಲ್ಲ. ಔಟ್‌ಡೋರ್ ಯೂನಿಟ್ಟಿನ ವಾಲ್ವುಗಳನ್ನು ಇನ್ನೂ ತೆರೆಯದೆ ಇದ್ದದ್ದರಿಂದ ಕಂಪ್ರೆಸರ್ ಉಳಿಯಿತು. ಪೈಪನ್ನೂ ಒಳಗಿನ ಕಾಯಿಲನ್ನೂ ತೊಳೆದು, ನೈಟ್ರೋಜನ್ ಊದಿ ಒಣಗಿಸುವಷ್ಟರಲ್ಲಿ ಆ ದಿನವೆಲ್ಲ ಕಳೆಯಿತು.

ಅಂದು ರಾತ್ರಿ, ಇದೇ ಕೆಲಸದಲ್ಲಿರುವ ಗೆಳೆಯನೊಬ್ಬನ ಹತ್ತಿರ ಮೈಕ್ರಾನ್ ಗೇಜ್ ಎರವಲು ತಂದೆ. ಅತಿ ಕಡಿಮೆ ಒತ್ತಡವನ್ನು ಮೈಕ್ರಾನಿನಲ್ಲಿ ಅಳೆಯುವ ಮೀಟರು ಅದು, ಸಂಖ್ಯೆ ಕಡಿಮೆಯಾದಷ್ಟೂ ವ್ಯಾಕ್ಯೂಮ್ ಆಳ. ಏಸಿ ಇಲ್ಲ, ಉದ್ದದ ಹೋಸ್ ಇಲ್ಲ, ಪಂಪಿನ ಬಾಯಿಗೆ ನೇರವಾಗಿ ಗೇಜನ್ನೇ ಕೂರಿಸಿದೆ. ಒಳ್ಳೆಯ ಎರಡು ಸ್ಟೇಜಿನ ಪಂಪು ಹೊಸ ಎಣ್ಣೆಯಲ್ಲಿ ಹೀಗೆ ಓಡಿದರೆ ಕೆಲವೇ ನಿಮಿಷಗಳಲ್ಲಿ 100 ಮೈಕ್ರಾನಿಗಿಂತ ಕೆಳಗೆ ಹೋಗಬೇಕು. ನನ್ನದು 2,600ಕ್ಕೆ ಬಂದು ನಿಂತಿತು. ಪಂಪು ಬಿಸಿಯಾಗಲೆಂದು ಕಾದೆ, 2,600. ಬಿಸಿ ಇರುವಾಗಲೇ ಎಣ್ಣೆ ಬಸಿದು ಹೊಸದನ್ನು ಹಾಕಿದೆ, 2,400. ಇನ್ನೊಮ್ಮೆ ಬದಲಾಯಿಸಿದೆ, ಮತ್ತೆ 2,400. ಅದೇ ಗೇಜನ್ನು ಗೆಳೆಯನ ಹಳೆಯ, ಬಣ್ಣ ಹೋದ ಪಂಪಿಗೆ ಹಾಕಿದರೆ 45. ಆ ಸಂಖ್ಯೆ ನೋಡಿದಾಗ ಸಿಟ್ಟಿಗಿಂತ ಮೊದಲು ಬಂದದ್ದು ಹೆದರಿಕೆ. ಏಳು ತಿಂಗಳಲ್ಲಿ ಎಷ್ಟು ಮನೆಗಳಲ್ಲಿ ಈ ಪಂಪು ಓಡಿಸಿದ್ದೇನೆ?

ನಮ್ಮಲ್ಲಿ ಬಹಳ ಜನ ಮುಳ್ಳನ್ನೇ ನಂಬುವುದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಹೊರಗಿನ ಗಾಳಿಯ ಒತ್ತಡ ಸುಮಾರು 7,60,000 ಮೈಕ್ರಾನ್. ಗೇಜಿನ ಮೇಲಿನ ಒಂದು ಇಂಚು ಎಂದರೆ 25,400 ಮೈಕ್ರಾನ್. ನಮಗೆ ಬೇಕಾದದ್ದು 500 ಮೈಕ್ರಾನ್ ಅಥವಾ ಅದಕ್ಕಿಂತ ಕೆಳಗೆ. ಮುಳ್ಳಿನ ದಪ್ಪದೊಳಗೇ ಸಾವಿರಾರು ಮೈಕ್ರಾನ್ ಅಡಗಿ ಹೋಗುವಾಗ 500 ಯಾವುದು, 10,000 ಯಾವುದು ಎಂದು ಆ ಗೇಜ್ ಹೇಳುವುದಾದರೂ ಹೇಗೆ? 25 ಡಿಗ್ರಿ ಉಷ್ಣತೆಯಲ್ಲಿ ನೀರು ಕುದಿಯಬೇಕಾದರೆ ಒತ್ತಡ ಸುಮಾರು 24,000 ಮೈಕ್ರಾನಿಗೆ ಇಳಿಯಬೇಕು. ಆದರೆ ಕಂಪ್ರೆಸರ್ ಎಣ್ಣೆಯಲ್ಲಿ ಬೆರೆತ ನೀರಿನಂಶ ಅಷ್ಟು ಸುಲಭವಾಗಿ ಬಿಟ್ಟು ಬರುವುದಿಲ್ಲ. ಆರ್-410ಎ, ಆರ್-32 ಗ್ಯಾಸಿನ ಏಸಿಗಳಲ್ಲಿ ಸಾಮಾನ್ಯವಾಗಿ ಇರುವ ಪಿಒಇ ಎಂಬ ಕಂಪ್ರೆಸರ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹೀರಿಕೊಂಡ ನೀರಿನೊಡನೆ ಸೇರಿ ಆಮ್ಲವಾಗುತ್ತದೆ. ಆ ಆಮ್ಲ ಕಂಪ್ರೆಸರ್ ವೈಂಡಿಂಗಿನ ಮೇಲಿನ ಹೊದಿಕೆಯನ್ನು ತಿನ್ನುತ್ತದೆ. ಇದು ಮೊದಲ ದಿನ ಕಾಣುವ ಕಾಯಿಲೆಯಲ್ಲ. ಏಸಿ ತಣ್ಣಗೆ ಬೀಸುತ್ತಿರುತ್ತದೆ, ಮನೆಯವರು ಸಂತೋಷದಿಂದ ಹಣ ಕೊಟ್ಟು ಕಳುಹಿಸುತ್ತಾರೆ.

ಇಲ್ಲಿ ನನ್ನ ತಪ್ಪನ್ನೂ ಹೇಳಲೇಬೇಕು. ಈ ಪಂಪು ಬಂದ ಹೊಸದರಲ್ಲಿ ಒಂದು ಮನೆಯಲ್ಲಿ ಲೀಕ್ ಆಗಿ, ಹಲವು ದಿನ ಪೈಪು ತೆರೆದೇ ಇದ್ದ ಏಸಿಯನ್ನು ಸರಿಮಾಡಿ, ಈ ಪಂಪಿನಿಂದಲೇ ವ್ಯಾಕ್ಯೂಮ್ ಮಾಡಿ ಗ್ಯಾಸ್ ತುಂಬಿದ್ದೆ. ಐದು ತಿಂಗಳಿಗೆ ಅದರ ಕಂಪ್ರೆಸರ್ ಸುಟ್ಟಿತು. ಎಣ್ಣೆ ಕಪ್ಪಾಗಿತ್ತು, ಆಮ್ಲ ಪರೀಕ್ಷೆಯ ದ್ರಾವಣದಲ್ಲಿ ಬಣ್ಣ ಬದಲಾಯಿತು. ಆ ದಿನ ನಾನು ಅವರಿಗೆ, “ವೋಲ್ಟೇಜ್ ಏರುಪೇರಿನಿಂದ ಹೀಗಾಗಿದೆ, ನನ್ನ ಕೆಲಸದಲ್ಲಿ ದೋಷವಿಲ್ಲ” ಎಂದು ಹೇಳಿ ಬಂದಿದ್ದೆ. ಈಗ ಮತ್ತೆ ಅವರ ಮನೆಗೆ ಹೋಗಿ ನಿಜ ಹೇಳಿ ಬಂದಿದ್ದೇನೆ, ಕೂಲಿಯನ್ನೂ ಹಿಂತಿರುಗಿಸಿದ್ದೇನೆ.

ಮಾರಿದವರ ಉತ್ತರಗಳನ್ನು ಕೇಳಿ. ಮೊದಲ ಉತ್ತರ, “ಮುಳ್ಳು ಮೈನಸ್ 30ಕ್ಕೆ ಹೋಗುತ್ತದೋ ಇಲ್ಲವೋ ಅಷ್ಟು ಹೇಳಿ ಸರ್.” ಹೋಗುತ್ತದೆ ಎಂದೆ. “ಹಾಗಾದರೆ ಪಂಪು ಸರಿ ಇದೆ.” ಮೈಕ್ರಾನ್ ಗೇಜಿನ ಚಿತ್ರ ಕಳುಹಿಸಿದೆ. “ನಿಮ್ಮ ಮೀಟರೇ ತಪ್ಪು ತೋರಿಸುತ್ತಿರಬೇಕು.” ಎರಡು ಪಂಪುಗಳನ್ನು ಅಕ್ಕಪಕ್ಕ ಇಟ್ಟು, ಒಂದೇ ಗೇಜನ್ನು ಎರಡಕ್ಕೂ ಹಾಕಿ ವಿಡಿಯೋ ಕಳುಹಿಸಿದೆ. ಎರಡು ದಿನ ಉತ್ತರವಿಲ್ಲ. ಆಮೇಲೆ, “ಎಣ್ಣೆ ಬದಲಾಯಿಸಿ ನೋಡಿ.” ಬದಲಾಯಿಸಿದ್ದೇನೆ ಎಂದೆ. “ಇನ್ನೊಮ್ಮೆ ಬದಲಾಯಿಸಿ.” ಎಣ್ಣೆ ಪೈಪಿನೊಳಕ್ಕೆ ಹೋದ ವಿಷಯ ಎತ್ತಿದರೆ, “ಕರೆಂಟ್ ಹೋದರೆ ಮ್ಯಾನಿಫೋಲ್ಡ್ ವಾಲ್ವ್ ಮುಚ್ಚುವುದು ಮೆಕ್ಯಾನಿಕ್ ಕೆಲಸ, ಹದಿನಾಲ್ಕು ವರ್ಷದ ಅನುಭವ ಎನ್ನುತ್ತೀರಿ, ಇಷ್ಟೂ ಗೊತ್ತಿಲ್ಲವೇ?” ಎಂದರು. ಮುಚ್ಚಬೇಕೆಂಬುದು ನನಗೆ ಗೊತ್ತಿದೆ. ವಾಲ್ವ್ ಇದೆ ಎಂದು ಸುಳ್ಳು ಹೇಳಿ ಮಾರಿದವರು ಯಾರು?

ಬೇರೆ ದಾರಿ ಕಾಣದೆ ಪಂಪನ್ನು ಬಿಚ್ಚಿದೆ. ಎರಡು ಸ್ಟೇಜ್ ಎಂದರೆ ಒಂದರ ಹಿಂದೆ ಒಂದು ಎರಡು ಕೋಣೆಗಳಿದ್ದು, ಮೊದಲನೆಯದು ಹೊರಗೆ ಹಾಕಿದ ಗಾಳಿಯನ್ನು ಎರಡನೆಯದು ಎಳೆದುಕೊಳ್ಳಬೇಕು. ಇಲ್ಲಿ ಇದ್ದದ್ದು ಒಂದೇ ಕೋಣೆ, ಒಂದೇ ರೋಟರ್, ಎರಡು ವೇನ್. ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್ ಇರಬೇಕಾದ ಜಾಗದಲ್ಲಿ ಬರಿಯ ರಂಧ್ರ. ಚಿತ್ರ ತೆಗೆದು ಕಳುಹಿಸಿದೆ. ಉತ್ತರ ಈ ಸಲ ಎರಡೇ ನಿಮಿಷದಲ್ಲಿ ಬಂತು, “ಪಂಪು ಬಿಚ್ಚಿದ್ದೀರಿ, ಇನ್ನು ವಾರಂಟಿ ಇಲ್ಲ.” ಬಿಚ್ಚದೆ ಇದ್ದರೆ ಸಾಕ್ಷಿ ಇಲ್ಲ, ಬಿಚ್ಚಿದರೆ ವಾರಂಟಿ ಇಲ್ಲ. ಈ ಮಾತನ್ನು ಅವರು ಮೊದಲೇ ಬಾಯಿಪಾಠ ಮಾಡಿಟ್ಟುಕೊಂಡಿದ್ದರೆಂದು ನನಗೆ ಅನ್ನಿಸಿತು.

ಆದ್ದರಿಂದ ಹೊಸ ಪಂಪು ಕೊಂಡವರು, ಹಿಂತಿರುಗಿಸುವ ಅವಧಿ ಮುಗಿಯುವ ಮೊದಲೇ, ಅದರ ಬಾಯಿಗೆ ನೇರವಾಗಿ ಮೈಕ್ರಾನ್ ಗೇಜ್ ಹಾಕಿ ನೋಡಿ, ಅದರ ವಿಡಿಯೋ ಇಟ್ಟುಕೊಳ್ಳಿ. ಓಡುವ ಪಂಪಿನ ಬಾಯಿ ಮುಚ್ಚಿ ಕರೆಂಟಿನ ಪ್ಲಗ್ ಕಿತ್ತು, ಎಣ್ಣೆಯ ಮಟ್ಟ ಇಳಿಯುತ್ತದೆಯೇ ಎಂದೂ ನೋಡಿ, ಇದನ್ನು ಏಸಿಗೆ ಜೋಡಿಸಿಕೊಂಡು ಮಾತ್ರ ಮಾಡಬೇಡಿ. ಎಣ್ಣೆ ಹಾಲಿನಂತೆ ಬಿಳಿಚಿಕೊಂಡಿದ್ದರೆ ಅದರಲ್ಲಿ ನೀರು ಸೇರಿದೆ, ಅಂಥ ಎಣ್ಣೆಯಲ್ಲಿ ಒಳ್ಳೆಯ ಪಂಪೂ ಆಳಕ್ಕೆ ಎಳೆಯಲಾರದು. ಕೆಲಸದ ಜಾಗದಲ್ಲಿ 500 ಮೈಕ್ರಾನ್ ಮುಟ್ಟಿದ ಮೇಲೆ ವಾಲ್ವ್ ಮುಚ್ಚಿ, ಆಮೇಲೆ ಪಂಪು ನಿಲ್ಲಿಸಿ ಕಾಯಿರಿ. ಗೇಜಿನ ಸಂಖ್ಯೆ ಸಾಕಷ್ಟು ಏರಿ ಒಂದು ಕಡೆ ನಿಂತರೆ ಒಳಗೆ ಇನ್ನೂ ತೇವವಿದೆ, ನಿಲ್ಲದೆ ಏರುತ್ತಲೇ ಹೋದರೆ ಲೀಕ್ ಇದೆ. ಹಳೆಯ ಫ್ರಿಜ್ ಕಂಪ್ರೆಸರನ್ನೇ ಪಂಪಿನಂತೆ ಬಳಸುವವರಿಗೆ, ಪಂಪೇ ಬೇಡ, ಪೈಪಿನೊಳಗೆ ಗ್ಯಾಸ್ ಹಾಯಿಸಿ ಗಾಳಿಯನ್ನು ಹೊರಗೆ ತಳ್ಳಿದರೆ ಸಾಕು ಎನ್ನುವವರಿಗೆ ನಾನು ಇನ್ನೇನು ಹೇಳಲಿ? ನನ್ನ ಈ ಪಂಪೂ ಅದಕ್ಕಿಂತ ಮೇಲಿನದೆಂದೇ ನಾನು ಏಳು ತಿಂಗಳು ನಂಬಿದ್ದೆ.

ಮೈಕ್ರಾನ್ ಗೇಜ್ ಈಗ ನನ್ನ ಸ್ವಂತದ್ದೇ ಇದೆ. ಈ ಪಂಪಿನಿಂದ ಕೆಲಸ ಮಾಡಿದ ಮನೆಗಳ ಪಟ್ಟಿಯನ್ನು ಹಳೆಯ ರಸೀದಿ ಪುಸ್ತಕದಿಂದ ಬರೆದುಕೊಂಡಿದ್ದೇನೆ, ಮೂವತ್ತೊಂದು ಇವೆ. ಪೈಪು ಬಹಳ ದಿನ ತೆರೆದಿದ್ದ ಮನೆಗಳಿಂದ ಆರಂಭಿಸಿ, ಒಂದೊಂದಾಗಿ ಗ್ಯಾಸ್ ಸಿಲಿಂಡರಿಗೆ ತೆಗೆದು, ಮತ್ತೆ ವ್ಯಾಕ್ಯೂಮ್ ಮಾಡಿ, ತೂಗಿ ತುಂಬುತ್ತಿದ್ದೇನೆ. ಇಲ್ಲಿಯವರೆಗೆ ನಾಲ್ಕು ಮುಗಿದಿವೆ.