‘ಪರವಾನಗಿ ಕಾರ್ಡ್’ ಕೊಟ್ಟು ಚಾಕು ಮಾರುವವರನ್ನು ನಂಬಬೇಡಿ

ಮೊಬೈಲಿನಲ್ಲಿ ಜಾಹೀರಾತು ನೋಡಿ ಮಡಚುವ ಚಾಕು ತರಿಸಿಕೊಳ್ಳುವವರಿಗೆ ಇದನ್ನು ಬರೆಯುತ್ತಿದ್ದೇನೆ. ಚಾಕುವಿನ ಜೊತೆಗೆ ‘ಪರವಾನಗಿ ಕಾರ್ಡ್’ ಕೊಡುತ್ತೇವೆ ಎಂದು ಯಾರೇ ಹೇಳಿದರೂ ದಯವಿಟ್ಟು ನಂಬಬೇಡಿ. ನಾನು ನಂಬಿದೆ. ಚಾಕುವಿಗೆ 1,450 ರೂಪಾಯಿ, ಕಾರ್ಡಿಗೆ ಬೇರೆಯಾಗಿ 350 ರೂಪಾಯಿ ಕೊಟ್ಟು, ಕೊನೆಗೆ ಶಿವಮೊಗ್ಗದ ಒಂದು ಠಾಣೆಯ ಬೆಂಚಿನ ಮೇಲೆ ಬೆಳಿಗ್ಗೆ ಹತ್ತೂವರೆಯಿಂದ ಸಂಜೆಯವರೆಗೆ ಕುಳಿತು ಬಂದೆ.

ತೀರ್ಥಹಳ್ಳಿ ಕಡೆ ನಮ್ಮದು ಅಡಿಕೆ ತೋಟ. ಮಂಡಿಯಿಂದ ಹಣ ತೆಗೆದುಕೊಂಡು ಕತ್ತಲಾದ ಮೇಲೆ ಮಂಡಗದ್ದೆಯ ಕಾಡುದಾರಿಯಲ್ಲಿ ಬೈಕಿನಲ್ಲಿ ಒಬ್ಬನೇ ಬರಬೇಕಾಗುತ್ತದೆ, ಧೈರ್ಯಕ್ಕೆ ಜೇಬಿನಲ್ಲಿ ಒಂದು ಇರಲಿ ಎಂದುಕೊಂಡೆ. ಇಟ್ಟುಕೊಂಡು ತಿರುಗಿದರೆ ತೊಂದರೆಯಿಲ್ಲವೇ ಎಂದು ಮಾರುವವನನ್ನು ಮೊದಲೇ ಕೇಳಿದ್ದೆ. ಆತನ ಉತ್ತರ ಈಗಲೂ ನನ್ನ ಫೋನಿನಲ್ಲಿದೆ: ‘ಅಲಗು ಐದೇ ಇಂಚು ಸಾರ್. ಒಂಬತ್ತು ಇಂಚಿನ ಒಳಗಿದ್ದರೆ ಲೈಸೆನ್ಸ್ ಬೇಡ. ನಮ್ಮ ಕಾರ್ಡ್ ತೋರಿಸಿ, ಇಡೀ ಇಂಡಿಯಾದಲ್ಲಿ ಯಾರೂ ಕೇಳಲ್ಲ.’ ಲೈಸೆನ್ಸೇ ಬೇಡವೆಂದ ಮೇಲೆ ಕಾರ್ಡ್ ಏಕೆ ಎಂದು ನಾನು ಕೇಳಲಿಲ್ಲ. ಅದೇ ಇವತ್ತಿಗೂ ಹೊಟ್ಟೆ ಉರಿಸುತ್ತಿದೆ.

ಗಣಪತಿ ವಿಸರ್ಜನೆಯ ದಿನಗಳು, ನಗರದಲ್ಲಿ ನಿಷೇಧಾಜ್ಞೆ ಇತ್ತು. ಗಾಜನೂರು ದಾಟಿದ ಮೇಲೆ ತಪಾಸಣೆಗೆ ನಿಲ್ಲಿಸಿದರು. ಒಳಜೇಬಿನ ಚಾಕು ಸಿಕ್ಕಿದಾಗಲೂ ನನಗೆ ಭಯವಾಗಲಿಲ್ಲ, ಕಾರ್ಡ್ ಇದೆಯಲ್ಲ ಎಂದು ತೆಗೆದುಕೊಟ್ಟೆ. ಎಟಿಎಂ ಕಾರ್ಡಿನಷ್ಟು ಅಗಲದ ಹಳದಿ ಕಾರ್ಡು, ಮೇಲೆ ಮೂರು ಸಿಂಹದ ಮುದ್ರೆ, ನನ್ನ ಫೋಟೊ, ಕೆಳಗೆ ‘ಆತ್ಮರಕ್ಷಣಾ ಪರವಾನಗಿ’ ಎಂಬ ಅಕ್ಷರ. ಅಧಿಕಾರಿ ಅದನ್ನು ಎರಡು ಸಲ ತಿರುಗಿಸಿ ನೋಡಿ, ‘ಇದನ್ನು ಕೊಟ್ಟ ಅಧಿಕಾರಿ ಯಾರು? ಸಹಿ ಎಲ್ಲಿದೆ?’ ಎಂದರು. ಸಹಿ ಇರಬೇಕಾದ ಜಾಗದಲ್ಲಿ ಅಂಗಡಿಯ ಫೋನ್ ನಂಬರ್ ಇತ್ತು. ಅಷ್ಟು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ್ದರೂ ಅದನ್ನು ನಾನು ಒಮ್ಮೆಯೂ ಸರಿಯಾಗಿ ಓದಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಬಸ್ಸಿನ ಕಿಟಕಿಯಿಂದ ನಮ್ಮೂರಿನವರೇ ನೋಡುತ್ತಿದ್ದರು.

ಆ ಒಂಬತ್ತು ಇಂಚಿನ ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಜನ ಮೋಸ ಹೋಗುತ್ತಾರೆ. 2016ರ ಆಯುಧ ನಿಯಮಗಳು ಆಯುಧವೆಂದು ಎಣಿಸುವ ವಸ್ತುಗಳ ಪಟ್ಟಿಯಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಮಾತು ಇದೆ, ಮನೆಗೆಲಸ ಮತ್ತು ಕೃಷಿಗೆಂದೇ ಮಾಡಿದವುಗಳಿಗೆ ವಿನಾಯಿತಿಯೂ ಇದೆ. ಸೊಂಟದ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡು ತೋಟಕ್ಕೆ ಹೋಗುವ ನಮ್ಮವರನ್ನು ಯಾರೂ ತಡೆಯದಿರುವುದು ಅದಕ್ಕೇ. ಆದರೆ ಗುಂಡಿ ಒತ್ತಿದರೆ ಚಿಮ್ಮುವ ಚಾಕು ತೋಟಕ್ಕೆಂದು ಮಾಡಿದ್ದು ಎಂದು ಹೇಳಲು ನನ್ನ ಬಾಯಿ ಬರಲಿಲ್ಲ. ಅದಲ್ಲದೆ ನಿಷೇಧಾಜ್ಞೆಯಲ್ಲಿ ಆಯುಧ ಒಯ್ಯಬಾರದೆಂದು ಹೇಳಿದ್ದರೆ ಇಂಚಿನ ಲೆಕ್ಕ ಹಿಡಿದು ವಾದಿಸಿ ಪ್ರಯೋಜನವಿಲ್ಲ. ಇಡೀ ದೇಶಕ್ಕೆ ಒಂದೇ ಅಳತೆ ಎಂಬುದೂ ತಪ್ಪು: ದೆಹಲಿಯಲ್ಲಿ 1980ರ ಅಧಿಸೂಚನೆಯೊಂದು ಗುಂಡಿ ಚಾಕುಗಳಿಗೆ 7.62 ಸೆಂಟಿಮೀಟರ್ ಉದ್ದದಿಂದಲೇ ಕಡಿವಾಣ ಹಾಕಿದೆ. ಆತ್ಮರಕ್ಷಣೆಯ ಹಕ್ಕು ದಾಳಿಯಾದಾಗ ಕಾಪಾಡಿಕೊಳ್ಳುವುದಕ್ಕೆ ಇರುವಂಥದ್ದು, ಚಾಕುವನ್ನು ಬಚ್ಚಿಟ್ಟುಕೊಂಡು ತಿರುಗುವುದಕ್ಕೆ ಕೊಟ್ಟ ಅನುಮತಿಯಲ್ಲ. ನಿಜವಾದ ಆಯುಧ ಪರವಾನಗಿ ಬೇಕಾದರೆ ಜಿಲ್ಲಾಧಿಕಾರಿಗಳ ಕಚೇರಿಗೆ ಅರ್ಜಿ ಹಾಕಬೇಕು, ಪೊಲೀಸ್ ವರದಿ ಆಗಬೇಕು. ಅಂಗಡಿಯವನು ಕೊಡುವ ವಸ್ತುವಲ್ಲ ಅದು.

ಚಾಕು ಜಪ್ತಿ ಮಾಡಿ, ಮಹಜರು ಬರೆದು, ಅಣ್ಣ ಬಂದ ಮೇಲೆ ಮುಚ್ಚಳಿಕೆ ಬರೆಸಿಕೊಂಡು ಕಳುಹಿಸಿದರು. ಅಣ್ಣ ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ.

ಮನೆಗೆ ಬಂದು ಮಾರಿದವನಿಗೆ ಸಂದೇಶ ಕಳುಹಿಸಿದೆ. ಮೊದಲ ಉತ್ತರ: ‘ನೀವು ಯಾಕೆ ಹೊರಗೆ ತಗೊಂಡು ಹೋದ್ರಿ ಸಾರ್, ಅದು ಮನೆಯಲ್ಲಿಟ್ಟುಕೊಳ್ಳೋದಕ್ಕೆ.’ ಕಾರ್ಡಿನ ವಿಷಯ ಕೇಳಿದೆ. ‘ಅದು ವಾರಂಟಿ ಕಾರ್ಡ್ ಸಾರ್.’ ವಾರಂಟಿ ಕಾರ್ಡಂತೆ! ಮೂರು ಸಿಂಹ ಅಚ್ಚು ಹಾಕಿದ, ‘ಪರವಾನಗಿ’ ಎಂದು ದೊಡ್ಡದಾಗಿ ಬರೆದ ವಾರಂಟಿ ಕಾರ್ಡು! ಹಣ ವಾಪಸ್ ಕೊಡಿ ಎಂದೆ. ‘ಬಳಸಿದ ಮಾಲು ವಾಪಸಿಲ್ಲ’ ಎಂದು ಬರೆದು ನನ್ನ ನಂಬರನ್ನು ಬ್ಲಾಕ್ ಮಾಡಿದ. ಪೊಲೀಸರು ಜಪ್ತಿ ಮಾಡಿದ್ದನ್ನು ನಾನು ಎಲ್ಲಿಂದ ವಾಪಸ್ ಕೊಡಲಿ?

ಇಂಥ ಚಾಕು ಕೊಳ್ಳಬೇಡಿ, ಕೊಂಡಿದ್ದರೆ ಜೇಬಿನಲ್ಲಿಟ್ಟುಕೊಂಡು ಪೇಟೆಗೆ ಹೋಗಬೇಡಿ. ತೋಟದ ಕತ್ತಿಯೂ ಬೈಕಿನಲ್ಲಿ ಉಳಿದಿದ್ದರೆ ಹೊರಡುವ ಮೊದಲು ತೆಗೆದಿಡಿ. ಹಣ ಕೊಟ್ಟು ಮೋಸ ಹೋದವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಾನೂ ಮಾಡಿದ್ದೇನೆ.

ನಿನ್ನೆ ಪಕ್ಕದ ಮನೆಯ ಹುಡುಗ ಬಂದು, ‘ಅಣ್ಣಾ, ಇದಕ್ಕೆ ಕಾರ್ಡೂ ಕೊಡ್ತಾರಂತೆ’ ಎಂದು ಫೋನ್ ತೋರಿಸಿದ. ಅದೇ ಹಳದಿ ಕಾರ್ಡು, ಅದೇ ನಂಬರ್.