ಫಾಸ್ಟ್ಯಾಗ್ ವಾರ್ಷಿಕ ಪಾಸ್: ಹದಿನೈದು ರೂಪಾಯಿ ಲೆಕ್ಕ ಯಾರಿಗೆ ಕೂಡಿಬರುತ್ತದೆ?

ಮೂರು ಸಾವಿರವನ್ನು ಇನ್ನೂರರಿಂದ ಭಾಗಿಸಿದರೆ ಹದಿನೈದು. ಫಾಸ್ಟ್ಯಾಗ್ ವಾರ್ಷಿಕ ಪಾಸ್‌ನ ಪ್ರಚಾರವೆಲ್ಲ ನಿಂತಿರುವುದು ಈ ಒಂದು ಭಾಗಾಕಾರದ ಮೇಲೆ. ಕೇಂದ್ರ ಸಚಿವ ನಿತಿನ್ ಗಡ್ಕರಿ 2025ರ ಜೂನ್ 18ರಂದು ಇದನ್ನು ಘೋಷಿಸಿದರು. ಆಗಸ್ಟ್ 15ರಿಂದ ₹3,000 ದರದಲ್ಲಿ ಮಾರಾಟ ಶುರುವಾಯಿತು. ಬಿಳಿ ಬೋರ್ಡಿನ ಕಾರು, ಜೀಪು, ವ್ಯಾನುಗಳಿಗೆ ಮಾತ್ರ ಸಿಗುವ ಈ ಪಾಸ್‌ನ ಆಯುಷ್ಯ ಒಂದು ವರ್ಷ ಅಥವಾ 200 ಟ್ರಿಪ್, ಯಾವುದು ಮೊದಲು ಮುಗಿಯುತ್ತದೋ ಅದು.

ಭಾಗಾಕಾರದಲ್ಲಿ ತಪ್ಪೇನಿಲ್ಲ. ಆದರೆ ಒಂದು ಟೋಲಿಗೆ ಹದಿನೈದು ರೂಪಾಯಿ ಬೀಳುವುದು ಇನ್ನೂರನ್ನೂ ಪೂರ್ತಿ ಬಳಸಿದವರಿಗೆ. ವರ್ಷಕ್ಕೆ 40 ಸಲ ಟೋಲ್ ದಾಟುವವರಿಗೆ ಒಂದು ಸಲಕ್ಕೆ ಬೀಳುವುದು 75, ಬರೀ 25 ಸಲ ದಾಟುವವರಿಗೆ 120. ಊರಿಗೆ ಹೋಗುವುದು ಯುಗಾದಿ, ದಸರಾ, ಒಂದೆರಡು ಮದುವೆಗೆ ಮಾತ್ರ ಎನ್ನುವ ಮನೆಯವರು ಎಷ್ಟೋ ಸಲ ಈ ಎರಡನೇ ಗುಂಪಿನವರೇ.

ಇನ್ನು ‘ಟ್ರಿಪ್’ ಅಂದರೇನು ಎಂಬ ಪ್ರಶ್ನೆ. ಎಡವುವವರು ಹೆಚ್ಚು ಎಡವುವುದು ಇಲ್ಲೇ. ಬೆಂಗಳೂರಿಂದ ಮೈಸೂರಿಗೆ ಹೋಗಿ ಬಂದರೆ ಒಂದು ಟ್ರಿಪ್ ಅಂದುಕೊಂಡರೆ ತಪ್ಪು. ಒಂದೊಂದು ಗೇಟಿಗೂ ಒಂದೊಂದು ಟ್ರಿಪ್. ಹೋಗುವಾಗ ಕಣಿಮಿಣಿಕೆ, ಗಣಂಗೂರು; ಬರುವಾಗ ಮತ್ತೆ ಗಣಂಗೂರು, ಆಮೇಲೆ ಶೇಷಗಿರಿಹಳ್ಳಿ. ನಾಲ್ಕು ಹೋಯಿತು. ದೆಹಲಿ–ಮುಂಬೈ ಎಕ್ಸ್‌ಪ್ರೆಸ್‌ವೇ ತರಹದ, ಒಳಹೋಗುವಲ್ಲಿ ಒಮ್ಮೆ ಹೊರಬರುವಲ್ಲಿ ಒಮ್ಮೆ ಓದುವ ರಸ್ತೆಗಳಲ್ಲಿ ಮಾತ್ರ ಎರಡೂ ಸೇರಿ ಒಂದು ಟ್ರಿಪ್.

ಇದೇ ಮೈಸೂರು ರಸ್ತೆಯ ಲೆಕ್ಕವನ್ನೇ ಪೂರ್ತಿ ಮಾಡೋಣ. 2023ರ ಜುಲೈಯಲ್ಲಿ ಎರಡನೇ ಹಂತದ ಟೋಲ್ ಶುರುವಾದಾಗಲೇ ಕಾರಿಗೆ ಒಂದು ದಿಕ್ಕಿಗೆ 165 ಮತ್ತು 155, ಒಟ್ಟು ₹320 ಇತ್ತು. ಆಮೇಲೆ ಏರಿದೆ, ಆದರೂ 320 ಎಂದೇ ಹಿಡಿಯಿರಿ. ಶುಕ್ರವಾರ ಸಂಜೆ ಹೋಗಿ ಭಾನುವಾರ ರಾತ್ರಿ ವಾಪಸಾಗುವವರಿಗೆ ಹೋಗಿಬರಲು 640. ಐದನೇ ವಾರಕ್ಕೆ ಪಾಸಿನ ದುಡ್ಡು ಹುಟ್ಟಿತು. ಹೀಗೆ 50 ವಾರ ಓಡಾಡಿದರೆ ಸರಿಯಾಗಿ 200 ಟ್ರಿಪ್: ₹32,000 ಆಗುವಲ್ಲಿ ₹3,000. ಈ ಪಾಸನ್ನು ಇವರಿಗಾಗಿಯೇ ಹೊಲಿದ ಹಾಗಿದೆ. ಇವರು ಮುಂದಿನದನ್ನು ಓದದೆ ಕೊಂಡುಕೊಳ್ಳಬಹುದು.

ಅದೇ ದಿನ ವಾಪಸಾಗುವವರ ಲೆಕ್ಕ ಬೇರೆ. 24 ಗಂಟೆಯೊಳಗೆ ಹಿಂತಿರುಗಿದರೆ ಎರಡೂ ಕಡೆಗೆ ಸೇರಿ ಒಂದೂವರೆ ಪಟ್ಟು ಮಾತ್ರ ಎಂಬುದು 2008ರ ಹೆದ್ದಾರಿ ಶುಲ್ಕ ನಿಯಮದಲ್ಲೇ ಇದೆ. ಬರುವಾಗ ಅರ್ಧ ದರ ಕಡಿತವಾಗುವುದು ಅದಕ್ಕೇ. ಹಾಗಾಗಿ ಇವರಿಗೆ ಒಂದು ಸುತ್ತಿಗೆ 640 ಅಲ್ಲ, 480. ಪಾಸಿನ ದುಡ್ಡು ಹುಟ್ಟಲು ಏಳನೇ ಸುತ್ತು ಬೇಕು. ಸಣ್ಣ ಟೋಲ್‌ಗಳಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದು. ₹60 ಇರುವ ಗೇಟನ್ನು ಒಂದೇ ದಿನ ಹೋಗಿ ಬಂದು ದಾಟಿದರೆ ಒಂದು ಸಲಕ್ಕೆ ಸರಾಸರಿ 45. ಆಗ 67 ಸಲ ದಾಟಿದ ಮೇಲಷ್ಟೇ ಲಾಭ. ಜಾಹೀರಾತಿನ ಹೋಲಿಕೆಗಳು ಯಾವಾಗಲೂ ಪೂರ್ತಿ ದರವನ್ನೇ ಹಿಡಿದು ತೋರಿಸುತ್ತವೆ, ಈ ಅರ್ಧ ದರದ ಮಾತೇ ಬರುವುದಿಲ್ಲ.

ಕೊಳ್ಳುವ ಮುಂಚೆ ನಿಮ್ಮ ಫಾಸ್ಟ್ಯಾಗ್ ಬ್ಯಾಂಕಿನ ಆ್ಯಪ್ ತೆರೆದು ಸ್ಟೇಟ್‌ಮೆಂಟ್ ಇಳಿಸಿಕೊಳ್ಳಿ. ಒಂದು ವರ್ಷದ್ದು ಸಿಕ್ಕರೆ ಒಳ್ಳೆಯದು, ಆರು ತಿಂಗಳದಾದರೂ ಸರಿ. ರಾಷ್ಟ್ರೀಯ ಹೆದ್ದಾರಿಯಲ್ಲದ ಸಾಲುಗಳನ್ನು ಹೊಡೆದುಹಾಕಿ. ಉಳಿದದ್ದನ್ನು ಕೂಡಿ. ಆ ಮೊತ್ತ ವರ್ಷಕ್ಕೆ ಪಾಸಿನ ದರವನ್ನು ದಾಟುತ್ತದೋ ಇಲ್ಲವೋ, ಅಷ್ಟೇ ಪ್ರಶ್ನೆ. ಹತ್ತು ನಿಮಿಷದ ಕೆಲಸ.

ಹೊಡೆದುಹಾಕಬೇಕಾದ ಸಾಲುಗಳು ಬೆಂಗಳೂರಿನವರಿಗೆ ಕಡಿಮೆಯೇನಲ್ಲ. ನೈಸ್ ರಸ್ತೆಯಲ್ಲಿ ಈ ಪಾಸ್ ನಡೆಯುವುದಿಲ್ಲ. ಅದು ರಾಷ್ಟ್ರೀಯ ಹೆದ್ದಾರಿಯಲ್ಲ. ರಾಜ್ಯ ಹೆದ್ದಾರಿಗಳ ಟೋಲಿನಲ್ಲಿ, ಪಾರ್ಕಿಂಗಿನಲ್ಲಿ ನಡೆಯುವುದಿಲ್ಲ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ, ಸಮೃದ್ಧಿ ಮಹಾಮಾರ್ಗ, ಯಮುನಾ ಎಕ್ಸ್‌ಪ್ರೆಸ್‌ವೇ ಎಲ್ಲ ಆಯಾ ರಾಜ್ಯಗಳವು, ಅಲ್ಲೂ ಇಲ್ಲ. ಅಂಥ ಕಡೆ ಎಂದಿನಂತೆ ಟ್ಯಾಗ್ ವ್ಯಾಲೆಟ್‌ನಿಂದಲೇ ಹಣ ಹೋಗುತ್ತದೆ. ಪಾಸ್ ಇದೆಯಲ್ಲ ಎಂದು ವ್ಯಾಲೆಟ್ ಖಾಲಿ ಬಿಟ್ಟುಕೊಂಡು ನೈಸ್ ರಸ್ತೆಗೆ ಇಳಿದರೆ ಗೇಟಿನಲ್ಲಿ ಹಾರ್ನ್ ಕೇಳಿಸಿಕೊಳ್ಳಬೇಕಾಗುತ್ತದೆ. ಕರಾವಳಿಯವರಿಗೆ ಈ ತಲೆಬಿಸಿ ಕಡಿಮೆ. ತಲಪಾಡಿ, ಹೆಜಮಾಡಿ, ಸಾಸ್ತಾನ ಮೂರೂ ಎನ್‌ಎಚ್–66ರ ಮೇಲೇ ಇವೆ, ಮಂಗಳೂರಿನಿಂದ ಕುಂದಾಪುರಕ್ಕೆ ಹೋಗಿಬಂದರೆ ಹೆಜಮಾಡಿ, ಸಾಸ್ತಾನ ಸೇರಿ ನಾಲ್ಕು ಟ್ರಿಪ್.

ಟೋಲ್ ಗೇಟಿನ ಪಕ್ಕದ ಊರಿನವರು ಮಾತ್ರ ಆತುರಪಡಬೇಡಿ. ದಿನಾ ಕೆಲಸಕ್ಕೆ ಹೋಗಿಬಂದರೆ ತಿಂಗಳಿಗೆ ಸುಮಾರು 44 ಸಲ ಗೇಟು ದಾಟುತ್ತೀರಿ. 200 ಟ್ರಿಪ್ ನಾಲ್ಕೂವರೆ ತಿಂಗಳಿಗೆ ಖಲಾಸ್. ಹೆಸರು ವಾರ್ಷಿಕ, ನಿಮಗೆ ಅದು ಚಾತುರ್ಮಾಸದ ಪಾಸ್. 20 ಕಿಲೋಮೀಟರ್ ಒಳಗೆ ವಾಸಿಸುವ ಖಾಸಗಿ ವಾಹನದವರಿಗೆ ಸ್ಥಳೀಯ ಮಾಸಿಕ ಪಾಸ್ ಮೊದಲಿನಿಂದಲೂ ಇದೆ. 2007–08ರ ಮೂಲ ದರ ₹150 ಇದ್ದದ್ದು ವರ್ಷವರ್ಷ ಏರಿ ಈಗ ₹350ರ ಆಸುಪಾಸಿನಲ್ಲಿದೆ. ಅದೇ ನಾಲ್ಕೂವರೆ ತಿಂಗಳಿಗೆ ₹1,600 ಒಳಗೇ ಮುಗಿಯುತ್ತದೆ, ಎಷ್ಟು ಸಲ ದಾಟಿದರೂ ಎಣಿಕೆಯಿಲ್ಲ. ಎರಡು ತೊಡಕುಗಳಿವೆ. ಅದು ಒಂದೇ ಗೇಟಿಗೆ ನಡೆಯುತ್ತದೆ, ಮತ್ತು ಸರ್ವಿಸ್ ರಸ್ತೆಯೋ ಬದಲಿ ರಸ್ತೆಯೋ ಇದ್ದರೆ ಕೊಡಬೇಕಾಗಿಲ್ಲ ಎಂಬ ಷರತ್ತು ನಿಯಮದಲ್ಲೇ ಇದೆ. ಆರ್‌ಸಿ, ವಿಳಾಸದ ದಾಖಲೆ ಹಿಡಿದು ಪ್ಲಾಜಾದ ಕಚೇರಿಯಲ್ಲೇ ಕೇಳಬೇಕು. ಇದಕ್ಕೆ ಪತ್ರಿಕಾಗೋಷ್ಠಿಯೂ ಇಲ್ಲ, ಜಾಹೀರಾತೂ ಇಲ್ಲ. ತುಂಬ ಜನಕ್ಕೆ ಗೊತ್ತೇ ಇಲ್ಲ.

20 ಕಿಲೋಮೀಟರ್ ಆಚೆಯಿಂದ ದಿನಾ ಓಡಾಡುವವರಿಗೆ ಇದ್ದದ್ದು 50 ಟ್ರಿಪ್‌ಗಳ ಮಾಸಿಕ ಪಾಸ್, ಮೂರನೇ ಎರಡು ಭಾಗದ ದರಕ್ಕೆ. ನೂರು ರೂಪಾಯಿ ಗೇಟಿಗೆ ಅದು ತಿಂಗಳಿಗೇ ₹3,300 ದಾಟುತ್ತದೆ. ಅವರು ವರ್ಷಕ್ಕೆ ಮೂರು ವಾರ್ಷಿಕ ಪಾಸ್ ಕೊಂಡರೂ ಲಾಭವೇ. 200 ಮುಗಿದ ಮೇಲೆ ವರ್ಷ ಮುಗಿಯುವ ಮೊದಲೇ ಮತ್ತೆ ಕೊಳ್ಳಲು ಅಡ್ಡಿಯಿಲ್ಲ.

ಕೊಳ್ಳುವುದು ಸುಲಭ. ರಾಜಮಾರ್ಗಯಾತ್ರಾ ಆ್ಯಪ್ ಅಥವಾ ಹೆದ್ದಾರಿ ಪ್ರಾಧಿಕಾರದ ವೆಬ್‌ಸೈಟ್, ಬೇರೆಲ್ಲೂ ಅಲ್ಲ. ವಾಟ್ಸ್ಯಾಪಿನಲ್ಲಿ ಬಂದ ಲಿಂಕ್ ಒತ್ತಿ ದುಡ್ಡು ಕಟ್ಟಬೇಡಿ. ಆ್ಯಪಿನಲ್ಲಿ ವಾರ್ಷಿಕ ಪಾಸ್ ಎಂಬಲ್ಲಿ ಒತ್ತಿ ಗಾಡಿ ನಂಬರ್ ಹಾಕಿದರೆ ಸರ್ಕಾರದ ವಾಹನ ನೋಂದಣಿ ಪಟ್ಟಿಯಾದ ‘ವಾಹನ್’ ದಾಖಲೆ ನೋಡಿ ಅರ್ಹತೆ ಹೇಳುತ್ತದೆ. ಮೊಬೈಲಿಗೆ ಬಂದ ಒಟಿಪಿ ಹಾಕಿ, ಯುಪಿಐ ಅಥವಾ ಕಾರ್ಡಿನಿಂದ ಹಣ ಕಟ್ಟಿದರೆ ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಚಾಲೂ. ದರ ವರ್ಷಕ್ಕೊಮ್ಮೆ ಬದಲಾಗುವಂಥದ್ದು, ಕಟ್ಟುವ ಮುಂಚೆ ಪರದೆಯ ಮೇಲಿನ ಮೊತ್ತ ನೋಡಿ. ವ್ಯಾಲೆಟ್‌ನಲ್ಲಿರುವ ಹಣದಿಂದ ಪಾಸ್ ಕೊಳ್ಳಲಾಗದು, ಬೇರೆಯಾಗಿಯೇ ಕಟ್ಟಬೇಕು. ಕಟ್ಟಿದ್ದು ವಾಪಸ್ ಬರುವುದಿಲ್ಲ. ದಿನದ ಎಣಿಕೆ ಚಾಲೂ ಆದ ದಿನದಿಂದಲೇ, ಹಾಗಾಗಿ ಪ್ರಯಾಣದ ಹಿಂದಿನ ದಿನ ಕೊಂಡರೆ ಸಾಕು.

ಹೊಸ ಕಾರಿನವರಿಗೆ ಇಲ್ಲೊಂದು ಗುಂಡಿ ಇದೆ. ಶೋರೂಮಿನಲ್ಲಿ ನಂಬರ್ ಬರುವ ಮೊದಲೇ ಚಾಸಿ ನಂಬರಿನ ಮೇಲೆ ಟ್ಯಾಗ್ ಅಂಟಿಸಿ ಕೊಟ್ಟಿರುತ್ತಾರೆ. ನಂಬರ್ ಬಂದಮೇಲೆ ಬ್ಯಾಂಕಿಗೆ ಆರ್‌ಸಿ ಕೊಟ್ಟು ಅದನ್ನು ಬದಲಿಸಿಕೊಳ್ಳದಿದ್ದರೆ ಪಾಸ್ ಸಿಗುವುದಿಲ್ಲ. ಕೆವೈಸಿ ಬಾಕಿಯಿದ್ದು ಟ್ಯಾಗ್ ಬ್ಲ್ಯಾಕ್‌ಲಿಸ್ಟ್ ಆಗಿದ್ದರೂ ಅಷ್ಟೇ.

ಪಾಸ್ ಇದ್ದರೂ ಗೇಟು ಏಳದಿರುವುದುಂಟು. “ಸ್ಕ್ಯಾನ್ ಆಗ್ತಿಲ್ಲ ಸಾರ್, ಸ್ವಲ್ಪ ಹಿಂದಕ್ಕೆ ತಗೊಳ್ಳಿ” ಅನ್ನುತ್ತಾನೆ ಕೈಯಲ್ಲಿ ರೀಡರ್ ಹಿಡಿದ ಹುಡುಗ. ಟ್ಯಾಗಿನೊಳಗೆ ಬ್ಯಾಟರಿ ಇರುವುದಿಲ್ಲ. ಮೇಲಿನ ಆ್ಯಂಟೆನಾ ಬಿಡುವ ಅಲೆಯಿಂದಲೇ ಅದು ಶಕ್ತಿ ಪಡೆದು ಉತ್ತರ ಕೊಡಬೇಕು. ಮುಂದಿನ ಗಾಜಿಗೆ ಲೋಹದ ಅಂಶವಿರುವ ಬಿಸಿಲು ತಡೆಯುವ ಫಿಲ್ಮ್ ಇದ್ದರೆ, ಟ್ಯಾಗ್ ಒಮ್ಮೆ ಕಿತ್ತು ಮತ್ತೆ ಅಂಟಿಸಿದ್ದರೆ, ಒಳಗಿನ ತೆಳು ತಂತಿ ಮುರಿದಿದ್ದರೆ ಉತ್ತರ ಬರುವುದಿಲ್ಲ. ಒಳಗನ್ನಡಿಯ ಹಿಂದೆ, ಗಾಜಿನ ಮಧ್ಯದಲ್ಲಿ ಅಂಟಿಸುವುದೇ ಸರಿ. ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುವ ಟ್ಯಾಗ್‌ಗಳನ್ನು ಬ್ಲ್ಯಾಕ್‌ಲಿಸ್ಟ್ ಮಾಡುವಂತೆ 2025ರ ಜುಲೈಯಲ್ಲೇ ಪ್ರಾಧಿಕಾರ ಹೇಳಿದೆ.

ತಪ್ಪು ಗೇಟಿನ ಯಂತ್ರದ್ದಾದರೆ ದುಡ್ಡು ಕೊಡಬೇಕಿಲ್ಲ. ಟ್ಯಾಗ್ ಸರಿಯಿದ್ದು, ಹಣವೂ ಇದ್ದು, ಪ್ಲಾಜಾದ ಉಪಕರಣ ಕೆಟ್ಟಿದ್ದರೆ ವಾಹನವನ್ನು ಉಚಿತವಾಗಿ ಬಿಟ್ಟು ಶೂನ್ಯ ಮೊತ್ತದ ರಸೀದಿ ಕೊಡಬೇಕೆಂದು 2018ರ ನಿಯಮವಿದೆ. ಹಿಂದೆ ಸಾಲು ಬೆಳೆಯುತ್ತಿರುವಾಗ ಇದನ್ನು ಕೇಳಿ ಪಡೆಯುವುದು ಕಷ್ಟ, ನಿಜ. ಆದರೂ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡುತ್ತೇನೆ ಎಂದರೆ ಮಾತಿನ ಧಾಟಿ ಬದಲಾಗುವುದುಂಟು. ಟ್ಯಾಗ್ ನಿಮ್ಮ ಕಡೆಯಿಂದಲೇ ಅಮಾನ್ಯವಾಗಿದ್ದರೆ 2025ರ ನವೆಂಬರ್ 15ರಿಂದ ನಗದಿಗೆ ಎರಡು ಪಟ್ಟು, ಯುಪಿಐಗೆ ಒಂದೂಕಾಲು ಪಟ್ಟು ಎಂದು ನಿಯಮವಾಯಿತು. ನಗದು ತೆಗೆಯುವ ಮೊದಲು ಫೋನ್ ತೆಗೆಯಿರಿ.

ಇನ್ನು ಈ ಪಾಸನ್ನು ತಂತ್ರಜ್ಞಾನದ ಸಾಧನೆ ಎಂದು ಹೊಗಳುವವರ ವಿಷಯ. ಮೊದಲ ದಿನವೇ ಸುಮಾರು 1.4 ಲಕ್ಷ ಜನ ಕೊಂಡರು ಎಂದು ಹೇಳಿಕೊಂಡರು. ಎಷ್ಟು ಮಂದಿ ಕೊಂಡರು ಎನ್ನುವುದರಿಂದ ಎಷ್ಟು ಮಂದಿಗೆ ದುಡ್ಡು ಹುಟ್ಟಿತು ಎಂದು ತಿಳಿಯುವುದಿಲ್ಲ. ನಮಗೆ ಕೊಟ್ಟಿದ್ದ ಮಾತೇ ಬೇರೆ: ಓಡಿಸಿದ ದೂರಕ್ಕಷ್ಟೇ ದುಡ್ಡು. 2024ರ ಸೆಪ್ಟೆಂಬರ್‌ನಲ್ಲಿ ನಿಯಮ ತಿದ್ದಿ, ಉಪಗ್ರಹ ಆಧಾರಿತ ಉಪಕರಣವಿರುವ ವಾಹನಕ್ಕೆ ದಿನಕ್ಕೆ ಒಂದು ದಿಕ್ಕಿನಲ್ಲಿ 20 ಕಿಲೋಮೀಟರ್ ಉಚಿತ ಎಂದು ಬರೆದರು. ಪ್ರಯೋಗಕ್ಕೆ ಹೆಸರಿಸಿದ ಎರಡು ರಸ್ತೆಗಳಲ್ಲಿ ನಮ್ಮ ಬೆಂಗಳೂರು–ಮೈಸೂರು ಒಂದು. 2025ರ ಮೇ 1ರಿಂದ ದೇಶದ ತುಂಬ ಉಪಗ್ರಹ ಟೋಲ್ ಎಂದು ಸುದ್ದಿ ಹಬ್ಬಿತು. ಏಪ್ರಿಲ್‌ನಲ್ಲೇ ಸಚಿವಾಲಯ ಅಂಥ ತೀರ್ಮಾನವೇ ಆಗಿಲ್ಲ ಎಂದಿತು. ಬೈಕಿಗೂ ಟೋಲ್ ಎಂಬ ಸುದ್ದಿ ಜೂನ್‌ನಲ್ಲಿ ಬಂದು, ಅದನ್ನೂ ಸಚಿವರೇ ಅಲ್ಲಗಳೆಯಬೇಕಾಯಿತು. ಗೇಟಿಲ್ಲದೆ ಕ್ಯಾಮೆರಾ ಮತ್ತು ಟ್ಯಾಗ್ ಓದಿ ಹಣ ಹಿಡಿಯುವ ವ್ಯವಸ್ಥೆಗೆ ಮೊದಲ ಗುತ್ತಿಗೆ ಆಗಸ್ಟ್‌ನಲ್ಲಿ ಆದದ್ದು ಗುಜರಾತಿನ ಚೋರ್ಯಾಸಿ ಪ್ಲಾಜಾಕ್ಕೆ.

ಓಡಿಸಿದ ದೂರಕ್ಕಷ್ಟೇ ದುಡ್ಡು ಎಂಬ ಆ ಮಾತಿಗೆ ವಾರ್ಷಿಕ ಪಾಸ್ ಮಾಡಿದ್ದು ತದ್ವಿರುದ್ಧ. ದೂರಕ್ಕೂ ದುಡ್ಡಿಗೂ ಇದ್ದ ಅಲ್ಪಸ್ವಲ್ಪ ನಂಟನ್ನೂ ಕಡಿದುಹಾಕಿತು. ಒಂದು ಗೇಟಿನ ಎರಡು ಬದಿಗಿರುವ ಊರುಗಳ ನಡುವೆ ಹತ್ತು ಕಿಲೋಮೀಟರ್ ಓಡಿಸುವವರಿಗೆ ಉಪಗ್ರಹದ ನಿಯಮದಲ್ಲಿ ಸೊನ್ನೆ ಬೀಳಬೇಕಿತ್ತು. ಪಾಸಿನಲ್ಲಿ ಅವರದೂ ಒಂದು ಟ್ರಿಪ್, ನೂರು ಕಿಲೋಮೀಟರ್ ಓಡಿಸಿದವರದೂ ಒಂದು ಟ್ರಿಪ್. ಹಳದಿ ಬೋರ್ಡಿನ ಟ್ಯಾಕ್ಸಿಯವರಿಗಂತೂ ಏನೂ ಇಲ್ಲ. ಹೆದ್ದಾರಿಯಲ್ಲಿ ಅತಿ ಹೆಚ್ಚು ಓಡುವವರಲ್ಲಿ ಅವರೂ ಇದ್ದಾರೆ. ಟ್ಯಾಗ್ ಹಳೆಯದೇ, ರೀಡರ್ ಹಳೆಯದೇ, ಗೇಟೂ ಹಳೆಯದೇ. ಹೊಸದು ದರಪಟ್ಟಿ ಮಾತ್ರ. ರಿಯಾಯಿತಿ ಎಂದು ಕರೆದಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ.

ಹಳೆ ಕಾರು ಮಾರುವ ಯೋಚನೆಯಿದ್ದರೆ ಪಾಸ್ ಸದ್ಯಕ್ಕೆ ಬೇಡ. ಪಾಸ್ ಒಂದು ಗಾಡಿ ನಂಬರಿಗೆ ಅಂಟಿಕೊಂಡದ್ದು, ಮನೆಯ ಇನ್ನೊಂದು ಕಾರಿಗೂ ದಾಟಿಸಲಾಗದು. ಆಗಲೇ ಕೊಂಡಿದ್ದರೆ, ಮಾರುವ ದಿನ ಬ್ಯಾಂಕಿಗೆ ಹೇಳಿ ಟ್ಯಾಗ್ ಮುಚ್ಚಿಸಿ, ಉಳಿದ ವ್ಯಾಲೆಟ್ ಹಣ ವಾಪಸ್ ತೆಗೆದುಕೊಳ್ಳಿ. ಉಳಿದ ಟ್ರಿಪ್‌ಗಳ ದುಡ್ಡು ಮಾತ್ರ ಬಾರದು.