ಬೇಸಿಕ್ ಸ್ಟ್ರಾಟಜಿ ಸಾಕಾ, ಎಲೆ ಎಣಿಸಬೇಕಾ?

ಬ್ಲ್ಯಾಕ್‌ಜಾಕ್ ಕ್ಯಾಸಿನೊದ ಇಸ್ಪೀಟಾಟ: ಎಲೆಗಳ ಮೊತ್ತ 21 ದಾಟದಂತೆ ಡೀಲರ್‌ನನ್ನು ಮೀರಿಸಬೇಕು. ಅದರಲ್ಲಿ ಬೇಸಿಕ್ ಸ್ಟ್ರಾಟಜಿ ಅಂದರೆ ಯಾವಾಗ ಏನು ಮಾಡಬೇಕು ಅನ್ನುವ ಒಂದು ಪಟ್ಟಿ. ನಿಮ್ಮ ಕೈ, ಡೀಲರ್‌ನ ತೆರೆದ ಎಲೆ, ಇವೆರಡನ್ನೇ ನೋಡಿ ಆಡುವುದು. ಬಾಯಿಪಾಠ ಮಾಡಿದರೆ, ನಿಯಮ ಚೆನ್ನಾಗಿರುವ ಟೇಬಲ್‌ನಲ್ಲಿ ಕ್ಯಾಸಿನೊದ ಮೇಲುಗೈ ಸುಮಾರು 0.5%ಗೆ ಇಳಿಯುತ್ತದೆ.

ಎಣಿಸುವವರು ಹೋದ ಎಲೆಗಳನ್ನೂ ಲೆಕ್ಕಕ್ಕೆ ತಗೊಳ್ಳುತ್ತಾರೆ. ಹೈ-ಲೋ ಪದ್ಧತಿಯಲ್ಲಿ 2ರಿಂದ 6ಕ್ಕೆ +1. ಹತ್ತು, ಗುಲಾಮ, ರಾಣಿ, ರಾಜ, ಎಕ್ಕಕ್ಕೆ -1. ಮಿಕ್ಕವಕ್ಕೆ ಸೊನ್ನೆ. ಆ ಮೊತ್ತವನ್ನು ಉಳಿದ ಡೆಕ್‌ಗಳ (ಎಲೆಕಟ್ಟುಗಳ) ಸಂಖ್ಯೆಯಿಂದ ಭಾಗಿಸಿದರೆ ಟ್ರೂ ಕೌಂಟ್. ಅದು ಏರಿದಷ್ಟೂ ಉಳಿದವುಗಳಲ್ಲಿ ದೊಡ್ಡ ಎಲೆ ಜಾಸ್ತಿ.

ಇಲ್ಲಿಂದ ದಾರಿ ಬೇರೆ. ನಿಮ್ಮದು 16, ಡೀಲರ್‌ದು 10. ಪಟ್ಟಿ ಇನ್ನೊಂದು ಎಲೆ ತಗೋ ಅನ್ನುತ್ತದೆ. ಟ್ರೂ ಕೌಂಟ್ ಸೊನ್ನೆ ದಾಟಿದ್ದರೆ ಎಣಿಸುವವರು ಸುಮ್ನೆ ನಿಲ್ಲುತ್ತಾರೆ, ಏಕೆಂದರೆ ದೊಡ್ಡ ಎಲೆ ಬಂದು 21 ದಾಟುವ ಭಯ ಜಾಸ್ತಿ. 15ಕ್ಕೆ 10 ಇದ್ದರೆ ನಿಲ್ಲಲು +4 ಬೇಕು. 12ಕ್ಕೆ 3 ಇದ್ದರೆ +2 ಸಾಕು. ಡೀಲರ್‌ನ ತೆರೆದ ಎಲೆ ಎಕ್ಕ ಆದಾಗ, ಮುಚ್ಚಿದ ಎಲೆ ಹತ್ತರದ್ದು ಅಂತ ಕಟ್ಟುವ ಪಕ್ಕದ ಬಾಜಿ ಇನ್ಶೂರೆನ್ಸ್. ಅದು ಬೇಡವೇ ಬೇಡ ಅನ್ನುತ್ತದೆ ಪಟ್ಟಿ. +3 ಆದಮೇಲೆ ಅದೇ ಲಾಭದ ಬಾಜಿ.

ಆದರೆ ಎಣಿಕೆಯ ಗಳಿಕೆ ಬಹುಪಾಲು ಬರುವುದು ಈ ಬದಲಾವಣೆಗಳಿಂದಲ್ಲ, ಕೌಂಟ್ ಏರಿದಾಗ ಬಾಜಿ ಏರಿಸುವುದರಿಂದ. ಅದೇ ನಿಮ್ಮನ್ನು ಹಿಡಿದುಕೊಡುವುದೂ ಹೌದು! ತಲೆಯಲ್ಲೇ ಎಣಿಸುವುದು ಲಾಸ್ ವೇಗಸ್‌ನಲ್ಲಿ ಅಪರಾಧವಲ್ಲ, ಆದರೂ ಕ್ಯಾಸಿನೊ ಹೊರಗೆ ಕಳಿಸಬಹುದು.

ರಜೆಯಲ್ಲಿ ಒಂದು ಸಂಜೆ ಆಡುವವರಿಗೆ ನನ್ನ ಮತ ಪಟ್ಟಿಗೇ.